ಅಮೆರಿಕದ ಹಳೇ ಷೆವಿ ಪಿಕಪ್‌ಗೆ ಕಂಪನಿ ಆರ್‌ಪಿಎಂ ಮೀಟರ್

ಹುಬ್ಬಳ್ಳಿಯಲ್ಲಾದರೆ ಗೋಕುಲ ರೋಡಿನ ಯಾವುದಾದರೂ ಗ್ಯಾರೇಜಿಗೆ ಗಾಡಿ ಬಿಟ್ಟು ಬಂದರಾಯಿತು, ಸಾಮಾನು ಹುಡುಕುವುದು ಮೇಸ್ತ್ರಿಯ ಪಾಲು. ಅಮೆರಿಕದಲ್ಲಿ ಕೂಲಿಯೇ ಸಾಮಾನಿನ ರೇಟನ್ನು ಮೀರಿಸುತ್ತದೆ, ಇಂಥ ಕೆಲಸ ನಿಮ್ಮ ಕೈಯಲ್ಲೇ ಆಗಬೇಕು. ಇಲ್ಲಿ ಹೇಳುವುದು 1975ರಿಂದ 1986ರ ನಡುವಿನ ಷೆವ್ರೊಲೆ, ಜಿಎಂಸಿ ಪೆಟ್ರೋಲ್ ಪಿಕಪ್‌ಗಳಿಗೆ ಕಂಪನಿಯದೇ ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ‘ಟ್ಯಾಕ್’) ಹಾಕುವ ಮಾತು.

ಸಾಮಾನು ಸಿಗುವುದು ನೀವೇ ಬಿಚ್ಚಿಕೊಳ್ಳುವ ಗುಜರಿ ಯಾರ್ಡಿನಲ್ಲಿ. ಗೇಟಿನಲ್ಲಿ ಸಣ್ಣ ಪ್ರವೇಶ ಶುಲ್ಕ, ಪಾನಾ ನಿಮ್ಮದೇ, ಗ್ಯಾಸ್ ಕಟರ್ ಒಳಗೆ ಬಿಡುವುದಿಲ್ಲ. ರೇಟು ಪಟ್ಟಿಯಲ್ಲಿರುತ್ತದೆ, ಚೌಕಾಸಿ ಬೇಡ. ಬಿಲ್ಲಿನಲ್ಲಿ ‘ಕೋರ್’ ಎಂದು ಹೆಚ್ಚಿಗೆ ಹಣ ಕಂಡರೆ ಗಾಬರಿ ಬೇಡ, ಅದು ಠೇವಣಿ. ಹಳೇ ಸಾಮಾನು ಒಪ್ಪಿಸಿದರೆ ವಾಪಸ್. ಪಿಕಪ್ ಒಂದನ್ನೇ ಹುಡುಕದೆ ಅದೇ ವರ್ಷಗಳ ದೊಡ್ಡ ಬ್ಲೇಜರ್ (ಸಣ್ಣ ಎಸ್-10 ಬ್ಲೇಜರ್ ಅಲ್ಲ), ಸಬರ್ಬನ್ ಗಾಡಿಗಳನ್ನೂ ನೋಡಿ, ಡ್ಯಾಶ್‌ಬೋರ್ಡ್ ಅದೇ. ಮೀಟರ್ ಒಂದನ್ನೇ ಕಿತ್ತು ತಂದರೆ ಉಪಯೋಗವಿಲ್ಲ. ಆರ್‌ಪಿಎಂ ಇರುವ ಕ್ಲಸ್ಟರಿನ (ಎಲ್ಲ ಮೀಟರುಗಳು ಒಟ್ಟಿಗೆ ಕೂತಿರುವ ಚೌಕಟ್ಟಿನ) ಬೆನ್ನಿಗಿರುವ ತೆಳು ಪ್ರಿಂಟೆಡ್ ಸರ್ಕ್ಯೂಟ್ ಹಾಳೆಯೇ ಬೇರೆ. ಕ್ಲಸ್ಟರ್ ಇಡಿಯಾಗಿ, ಜೊತೆಗೆ ಎಂಜಿನ್ ಹತ್ತಿರದ, ಸ್ಪಾರ್ಕಿನ ಗದ್ದಲ ಮೀಟರಿಗೆ ಬಾರದಂತೆ ತಡೆಯುವ ಟ್ಯಾಕ್ ಫಿಲ್ಟರ್ ಮತ್ತು ಅದರ ವೈರನ್ನೂ ತನ್ನಿ.

ಈಗ ಕಾನೂನು. ಗಾಡಿ ಓಡಿದ ಒಟ್ಟು ಮೈಲು ಎಣಿಸುವ ಓಡೋಮೀಟರ್ ಇರುವುದು ಸ್ಪೀಡೋಮೀಟರಿನೊಳಗೆ. ಗುಜರಿಯ ಸ್ಪೀಡೋಮೀಟರನ್ನೇ ಹಾಕಿ ಓಡಿಸಿದರೆ ಬೇರೆ ಗಾಡಿಯ ಮೈಲು ನಿಮ್ಮ ಗಾಡಿಗೆ ಬಂದಂತೆ. ಬದಲಿಸಿದ ಓಡೋಮೀಟರಿನಲ್ಲಿ ಹಳೆಯ ಅಂಕಿಯನ್ನೇ ಕೂರಿಸಲಾಗದಿದ್ದರೆ ಸೊನ್ನೆಗೆ ಇಟ್ಟು, ಹಿಂದಿನ ಮೈಲು ಮತ್ತು ಬದಲಿಸಿದ ತಾರೀಖು ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು ಎನ್ನುತ್ತದೆ ಅಲ್ಲಿನ ಫೆಡರಲ್ ಕಾನೂನು. ಮೋಸದ ಉದ್ದೇಶದಿಂದ ಚೀಟಿ ಕಿತ್ತರೂ ಅಪರಾಧ. ಗಾಡಿ ಹಳೆಯದು, ಯಾರು ಕೇಳುತ್ತಾರೆ ಎನ್ನುವ ಹಾಗಿಲ್ಲ: 2010 ಮತ್ತು ಅದಕ್ಕೂ ಹಿಂದಿನ ಮಾಡೆಲ್ ಮಾರುವಾಗ ಮೈಲು ಬರೆದುಕೊಡುವ ಫೆಡರಲ್ ಕಡ್ಡಾಯ ಇಲ್ಲ ನಿಜ, ಆದರೆ ತಿದ್ದುವಂತಿಲ್ಲ ಎಂಬುದು ಎಲ್ಲ ಗಾಡಿಗೂ ಒಂದೇ. ಈ ತಲೆನೋವೇ ಬೇಡವೆಂದರೆ ನಿಮ್ಮ ಹಳೇ ಸ್ಪೀಡೋಮೀಟರನ್ನು ಬಿಚ್ಚಿ ಹೊಸ ಕ್ಲಸ್ಟರಿಗೆ ಕೂರಿಸಿ. ಅಂಕಿ ಅದೇ ಉಳಿಯುತ್ತದೆ, ಚೀಟಿಯ ಮಾತೇ ಇಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹಿಂದಿನಿಂದ ಸ್ಪೀಡೋ ಕೇಬಲ್‌ನ ಕ್ಲಿಪ್ ಒತ್ತಿ ಎಳೆಯಿರಿ. ಆಟೋಮ್ಯಾಟಿಕ್ ಆದರೆ ಗೇರ್ ತೋರಿಸುವ ಸೂಜಿಯ ದಾರವೂ ಇರುತ್ತದೆ. ಕೆಲವು ಗಾಡಿಗಳಲ್ಲಿ ಆಯಿಲ್ ಮೀಟರಿಗೆ ಎಣ್ಣೆಯ ಸಣ್ಣ ನಳಿಗೆಯೇ ಬರುತ್ತದೆ, ಕೆಳಗೆ ಬಟ್ಟೆ ಹಿಡಿಯಿರಿ. ಸರ್ಕ್ಯೂಟ್ ಹಾಳೆ ವಯಸ್ಸಾಗಿ ಪೆಡಸಾಗಿರುತ್ತದೆ. ನಟ್ ಬಿಗಿದರೆ ತಾಮ್ರ ಹರಿಯುತ್ತದೆ, ಕೈಬಿಗಿ ಸಾಕು. ನಿಮ್ಮದು ಮೊದಲು ಬರೀ ಎಚ್ಚರಿಕೆ ದೀಪದ ಗಾಡಿಯಾಗಿದ್ದರೆ ಎಂಜಿನ್ನಿನ ಆಯಿಲ್, ಟೆಂಪರೇಚರ್ ಸೆಂಡರುಗಳನ್ನೂ (ಮೀಟರಿಗೆ ಸಂಕೇತ ಕಳಿಸುವ ಸಾಮಾನು) ಬದಲಿಸಿ. ದೀಪದ ಸೆಂಡರ್ ಬರೀ ಸ್ವಿಚ್, ಮುಳ್ಳು ಅದಕ್ಕೆ ಸರಿಯಾಗಿ ಆಡುವುದಿಲ್ಲ.

ಇನ್ನುಳಿದದ್ದು ಒಂದು ವೈರು. ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ ‘ಟ್ಯಾಕ್’ ಎಂದು ಬರೆದ ಟರ್ಮಿನಲ್‌ನಿಂದ ಫಿಲ್ಟರ್ ಮೂಲಕ, ರಬ್ಬರ್ ಗ್ರೊಮೆಟ್ ಹಾಕಿದ ತೂತಿನಿಂದ ಕ್ಯಾಬಿನ್ನಿಗೆ. ಪಕ್ಕದ ‘ಬ್ಯಾಟ್’ ಟರ್ಮಿನಲ್ಲಿಗೆ ಸಿಕ್ಕಿಸಿದರೆ ಮುಳ್ಳು ಅಲ್ಲಾಡದು. ಮುಳ್ಳು ನಡುಗುತ್ತಿದ್ದರೆ ಫಿಲ್ಟರ್ ನೋಡಿ.

ಎಂಟು ಸಿಲಿಂಡರಿನ ಮೀಟರನ್ನು ಆರು ಸಿಲಿಂಡರಿಗೆ ಹಾಕಿದರೆ 2000ಕ್ಕೆ 1500 ತೋರಿಸುತ್ತದೆ: ಎಂಟು ಸಿಲಿಂಡರಿನ ಎಂಜಿನ್ (ವಿ-8) ಒಂದು ಸುತ್ತು ತಿರುಗುವಾಗ ನಾಲ್ಕು ಸಲ ಸ್ಪಾರ್ಕ್ ಕೊಟ್ಟರೆ ಆರು ಸಿಲಿಂಡರಿನದು ಮೂರೇ ಸಲ. ಯಾರ್ಡಿನಲ್ಲೇ ಆ ಗಾಡಿಯ ಬಾನೆಟ್ ಎತ್ತಿ ಎಂಜಿನ್ ನೋಡಿ.

ಇಷ್ಟಾಗಿ ಎಂಜಿನ್ನೇ ಸ್ಟಾರ್ಟ್ ಆಗದಿದ್ದರೆ ಮೊದಲು ಟ್ಯಾಕ್ ವೈರ್ ತೆಗೆದು ನೋಡಿ. ಅದು ಎಲ್ಲೋ ಗಾಡಿಯ ಬಾಡಿಯನ್ನು ತಾಗಿ ಅರ್ಥ್ ಆದರೆ ಸ್ಪಾರ್ಕ್ ಬರುವುದಿಲ್ಲ. ಫೈರ್‌ವಾಲ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯ) ತೂತಿನಲ್ಲಿ ಇನ್ಸುಲೇಷನ್ ಸವೆದಿರುವ ಸಾಧ್ಯತೆಯೇ ಹೆಚ್ಚು.