ಬಳೆಯ ಅಳತೆ, ಕೊಡದ ತೂಕ: ಮುತ್ತಜ್ಜಿಯ ದಿನಚರಿ ಬರೆದ ಬಗೆ

ಮನೆಯವರೆಲ್ಲ ನಕ್ಕ ಕೆಲಸ ಇದು. ಅಕ್ಷರ ಬಾರದ ಹೆಂಗಸು, ಉಳಿದದ್ದು ಒಂದೇ ಫೋಟೊ, ಬರೆಯುವುದೇನು ಎಂದು. ಈಗ ಮುತ್ತಜ್ಜಿಯ ಒಂದು ಮಾಮೂಲಿ ದಿನ ಇಪ್ಪತ್ತು ಚಿಲ್ಲರೆ ಪುಟವಾಗಿದೆ; ನಕ್ಕವರೇ ಝೆರಾಕ್ಸ್ ಕೇಳುತ್ತಿದ್ದಾರೆ.

ಫೋಟೊ ಹೆಚ್ಚು ಕೊಡಲಿಲ್ಲ. ಸ್ಟುಡಿಯೊದಲ್ಲಿ ಉಟ್ಟ ಸೀರೆ, ಹಾಕಿದ ಸರ ಎರವಲಿನದೂ ಇರಬಹುದು. ಹಿರಿಯರನ್ನು ಬರಿಗೈಯಲ್ಲಿ ಕೇಳಿದರೆ 'ದೇವರಂಥಾಕಿ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಸೌಟನ್ನೋ ಸೇರನ್ನೋ ಕೈಗೆ ಕೊಟ್ಟು ಕೇಳಬೇಕು, ಆಗ ಬಾಯಿ ಬಿಡುತ್ತಾರೆ.

ಪಾತ್ರೆಯಿಂದ ಶುರು ಮಾಡಿ, ಆದರೆ ತಿಕ್ಕಬೇಡಿ. ಹುಣಸೆಹಣ್ಣು ಹಚ್ಚಿದರೆ ಚುಕ್ಕಿ ಹೊಡೆದು ಬರೆದ ಹೆಸರು ಇನ್ನಷ್ಟು ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಾತ್ರೆಯ ಮೈಗೆ ಹೆಚ್ಚುಕಡಿಮೆ ತಾಗಿಸಿ ಓರೆಯಾಗಿ ಹಿಡಿದರೆ ಚುಕ್ಕಿಗಳು ನೆರಳು ಬಿಟ್ಟು ಏಳುತ್ತವೆ. ಆಮೇಲೆ ತೆಳು ಕಾಗದ ಹೊದಿಸಿ 4ಬಿ ಪೆನ್ಸಿಲ್ ಉಜ್ಜಿ. ಕೊಡಕ್ಕೆ ನೀರು ತುಂಬಿ ಅಳೆದೆ: ಸುಮಾರು 12 ಲೀಟರ್, ಖಾಲಿ ಕೊಡ ಮೂರು ಕೆಜಿ. ಅಂದರೆ ಒಂದು ಸಲಕ್ಕೆ ಸೊಂಟದ ಮೇಲೆ 15 ಕೆಜಿ. ಬಚ್ಚಲ ಹಂಡೆ 70 ಲೀಟರ್ ಹಿಡಿಯುತ್ತದೆ, ಅದೊಂದಕ್ಕೇ ಆರು ಕೊಡ.

ಗಾಜಿನ ಬಳೆಯ ಒಳವ್ಯಾಸ ಅಳೆಯಿರಿ. ಬಳೆಗಾರರ 2-4 ಅಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ, 57 ಮಿಮೀ. 2-6 ಅಂದರೆ 60. ಇದು ಮಣಿಕಟ್ಟಿನ ಅಳತೆಯಲ್ಲ, ಮಡಿಸಿದ ಅಂಗೈಯದು. ಮುತ್ತಜ್ಜಿಯದು 2-4. ಆ ಪುಟ್ಟ ಕೈಗೆ ಆ ಕೊಡ!

ಸೌಟಿನ ಬಾಯಿ ಒಂದೇ ಮಗ್ಗುಲು ಸವೆದಿರುತ್ತದೆ. ಬಲಗೈಯಲ್ಲಿ, ಎಡಗೈಯಲ್ಲಿ ಹಿಡಿದು ಪಾತ್ರೆಯ ತಳಕ್ಕೆ ಒತ್ತಿ ನೋಡಿ. ಯಾವ ಕೈಗೆ ಸವೆತ ಸಪಾಟಾಗಿ ಕೂರುತ್ತದೋ ಅದೇ ಅವರ ಕೈ.

ಹೆಚ್ಚು ಸಿಕ್ಕಿದ್ದು ಕೌದಿಯಲ್ಲಿ, ಅಂದರೆ ಹಳೆ ಬಟ್ಟೆ ಪದರ ಕೂಡಿಸಿ ಹೊಲಿದ ಹೊದಿಕೆಯಲ್ಲಿ. ಒಗೆಯಬೇಡಿ, ಬಣ್ಣ ಬಿಡುತ್ತದೆ, ಬಿಚ್ಚಲೂ ಬೇಡಿ. ಹರಿದ ಅಂಚಿನಲ್ಲಿ ಪದರ ಎಣಿಸಿ, ರಾತ್ರಿ ಕೆಳಗಿನಿಂದ ಬೆಳಕು ಬಿಟ್ಟರೆ ಒಳಗಿನ ತೇಪೆಗಳ ಅಂಚು ಕಾಣುತ್ತದೆ. ಇಳಕಲ್ ಸೀರೆಯ ದಡಿಯ ತುಂಡು ಸಿಕ್ಕರೆ ಅಗಲ ಬರೆದಿಟ್ಟುಕೊಳ್ಳಿ, ಒಂದೇ ಸೀರೆಯ ತುಂಡುಗಳನ್ನು ಕೂಡಿಸಲು ಬರುತ್ತದೆ. ಇಂಚಿಗೆ ಎಷ್ಟು ಹೊಲಿಗೆ ಎಂದೂ ಎಣಿಸಬೇಕು: ನಮ್ಮದರಲ್ಲಿ ಒಂದು ಮೂಲೆಯಲ್ಲಿ ಐದು, ಉಳಿದ ಕಡೆ ಮೂರು. ಇಬ್ಬರ ಕೈಕೆಲಸ ಇರಬೇಕು. ಕೂಲಿ ಕೊಟ್ಟು ಕೌದಿ ಹೊಲಿಸುವ ರೂಢಿಯೂ ಇತ್ತು, ಹಾಗಾಗಿ ಲೆಕ್ಕದ ಪುಸ್ತಕ ನೋಡದೆ 'ಅಜ್ಜಿ ಹೊಲಿದದ್ದು' ಎಂದು ಬರೆಯಬೇಡಿ.

ಆ ಪುಸ್ತಕ ಮುತ್ತಜ್ಜನದು, ಇಸವಿಯ ಬದಲು ಸಂವತ್ಸರ ಬರೆದಿದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಮಾಥಿ 1879-80 ಆಗಬಹುದು, 1939-40 ಕೂಡ. ಜೊತೆಗಿದ್ದ ಅಂಚೆ ಕಾರ್ಡಿನ ಮೇಲೆ 1936ರಲ್ಲಿ ಪಟ್ಟಕ್ಕೆ ಬಂದ ಬ್ರಿಟಿಷ್ ದೊರೆ ಆರನೇ ಜಾರ್ಜ್ ಇದ್ದದ್ದರಿಂದ ಎರಡನೆಯದೆಂದು ಹಿಡಿದೆ. ಆಣೆ ಲೆಕ್ಕ ಕಂಡ ಮಾತ್ರಕ್ಕೆ ನಯಾ ಪೈಸೆ ಬಂದ 1957ಕ್ಕಿಂತ ಹಿಂದಿನದೆಂದು ನಂಬಬೇಡಿ, ಆಮೇಲೂ ರೂಢಿಯ ಮೇಲೆ ಬರೆದವರಿದ್ದಾರೆ. ಸೇರು ಕೂಡ ಊರಿಗೊಂದು. ಮನೆಯ ಸೇರನ್ನೇ ಅಕ್ಕಿ ತುಂಬಿ ತೂಗಿ, ಅಚ್ಚಾದ ಪುಸ್ತಕದ ಸೂತ್ರ ಬೇಡ.

ಇದರ ನಡುವೆ ಒಂದು ಅಡ್ಡ ಪ್ರಯೋಗ. ತಿಂಗಳಿಗೆ ಒಂದು ಬಾಟಲಿ ಸೀಮೆಎಣ್ಣೆ ಎಂದು ಲೆಕ್ಕದಲ್ಲಿದೆ. ಹಳೆಯ ಬುಡ್ಡಿದೀಪಕ್ಕೆ ಹೊಸ ಬತ್ತಿ ಹಾಕಿ ಹೊರಗೆ ಉರಿಸಿದರೆ ಗಂಟೆಗೆ ಹತ್ತು ಹನ್ನೆರಡು ಮಿಲಿ ಕುಡಿಯಿತು. ಬಾಟಲಿ 700 ಮಿಲಿ ಎಂದರೆ ದಿನಕ್ಕೆ ಎರಡು ಗಂಟೆ ಬೆಳಕು, ಅಷ್ಟೇ. ಆ ಮೇಲಿನ ಕೆಲಸವೆಲ್ಲ ಒಲೆಯ ಬೆಳಕಿನಲ್ಲೋ ಕತ್ತಲಲ್ಲೋ. ಯಾವ ಸಂದರ್ಶನವೂ ಇದನ್ನು ಕೊಡುತ್ತಿರಲಿಲ್ಲ.

ಖರ್ಚು: ಸ್ಕ್ಯಾನಿಂಗಿಗೆ ಕೊಟ್ಟ ಎರಡು ಸಾವಿರ ದಂಡ, ಕಿಟಕಿ ಬೆಳಕಿನಲ್ಲಿ ಫೋನ್ ಸಾಕಿತ್ತು. ಕೋರಾ ಬಟ್ಟೆ (ಬಣ್ಣ ಹಾಕದ ಹತ್ತಿ ಬಟ್ಟೆ) ಐದಾರು ಮೀಟರ್, ಎಂಟುನೂರರ ಆಸುಪಾಸು. ಗಂಜಿ ಹೋಗುವಂತೆ ಎರಡು ಸಲ ಒಗೆದು ಕೌದಿ ಸುತ್ತಿಡಲು. ಪ್ಲಾಸ್ಟಿಕ್ ಚೀಲ, ಕಾಗದಕ್ಕೆ ಲ್ಯಾಮಿನೇಷನ್ ಎರಡೂ ಬೇಡ. ಅಳಿಸಿದ ಶಾಯಿ ಓದಿದ್ದು ಹೇಗೆಂದು ಸದ್ಯಕ್ಕೆ ಹೇಳುವುದಿಲ್ಲ. ಚಿಕ್ಕಮ್ಮನ ಟ್ರಂಕಿನ ಬೀಗ ತೆರೆಸಿದ ಉಪಾಯವಂತೂ ಇಲ್ಲವೇ ಇಲ್ಲ, ಅವರೂ ಇದನ್ನು ಓದುತ್ತಾರೆ. ಆ ಟ್ರಂಕಿನಲ್ಲಿ ಇನ್ನೊಂದು ಕೌದಿ ಇದೆ.