ಎಂಟೂವರೆಗೆ ಮಳೆ ಅಳೆಯಬೇಕು

ಹಳ್ಳ ದಾಟುವ ಕಾಲುಸೇತುವೆ, ನಮ್ಮ ಸಂಕ, ಹೋದದ್ದು ರಾತ್ರಿ. ಬೆಳಿಗ್ಗೆ ಎದ್ದು ಹಳ್ಳದ ಕಡೆಗೆ ಹೋಗಿ ನೋಡಿದರೆ ಈಚೆ ದಡದ ಕಲ್ಲುಕಟ್ಟೆ ಮಾತ್ರ ಇತ್ತು. ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ್ದ ಸಂಕದ ಸುಳಿವೇ ಇರಲಿಲ್ಲ. 2019ರ ಆಗಸ್ಟ್ ಮೊದಲ ವಾರ, ಆಶ್ಲೇಷಾ ಮಳೆ ಆಗತಾನೇ ಹಿಡಿದಿತ್ತು. ಆ ವರ್ಷ ಜೂನ್ ತಿಂಗಳಲ್ಲಿ ಮಳೆಯೇ ಸರಿಯಾಗಿ ಆಗಿರಲಿಲ್ಲ. ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಆ ಸಲ ಆರಿದ್ರೆಯೂ ಆರಿ ಆರಿಯೇ ಹೊಯ್ದಿತ್ತು. ಅಷ್ಟೂ ಬಾಕಿಯನ್ನು ಬಡ್ಡಿ ಸಮೇತ ತೀರಿಸುವವರಂತೆ ಆಶ್ಲೇಷಾ ಬಂದಿತ್ತು.

ಹೊಸನಗರ ತಾಲ್ಲೂಕಿನಲ್ಲಿ ಸಂಕ ಹೋಗುವುದು ಸುದ್ದಿಯಲ್ಲ. ಆದರೆ ನನಗೆ ಅದು ಒಬ್ಬಳೇ ಕಳೆಯುವ ಮೊದಲ ಮಳೆಗಾಲ. ಯಜಮಾನರು ಹೋಗಿ ಎಂಟು ತಿಂಗಳಾಗಿತ್ತು. ಒಬ್ಬಳಿಂದ ಆಗದೆಂದು ದನಗಳನ್ನು ಬೇಸಿಗೆಯಲ್ಲೇ ಕೊಟ್ಟುಬಿಟ್ಟಿದ್ದೆವು. ಮಗಳು ಬೆಂಗಳೂರಿನಲ್ಲಿ. ಮಳೆಗಾಲ ಮುಗಿಯುವವರೆಗೆ ಬಂದಿರು ಎಂದು ಅವಳು ಕರೆದಾಗ, ‘ನಲವತ್ತು ಮಳೆಗಾಲ ಕಂಡವಳಿಗೆ ಇನ್ನೊಂದು ಹೆಚ್ಚೇ?’ ಎಂದು ಜಂಬ ಕೊಚ್ಚಿದ್ದೆ.

ಊಟಕ್ಕೆ ತೊಂದರೆಯಿರಲಿಲ್ಲ. ಅಕ್ಕಿ, ಬೇಳೆ, ಬೆಲ್ಲ ಮೇ ತಿಂಗಳಲ್ಲೇ ಬಂದಿತ್ತು. ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿಗಳು ಅಟ್ಟದ ಕೆಳಗೆ ಸಾಲಾಗಿ ತೂಗುತ್ತಿದ್ದವು. ಹಲಸಿನ ಹಪ್ಪಳವಿತ್ತು, ಭರಣಿಯಲ್ಲಿ ಅಪ್ಪೆಮಿಡಿಯಿತ್ತು. ಕರೆಂಟು ಸಂಕಕ್ಕಿಂತ ಮೊದಲೇ ಹೋಗಿತ್ತು. ಮೊಬೈಲ್ ಟವರ್ ಮರುದಿನ ಸತ್ತಿತು. ಉಳಿದದ್ದು ಒಂದು ರೇಡಿಯೋ, ಎರಡು ಟಾರ್ಚು ಮತ್ತು ನಾನು.

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ಇಂಥ ಹೊತ್ತಿನಲ್ಲಿ ಮೊದಲು ಏನು ಮಾಡುತ್ತಾಳೆ? ವೇಳಾಪಟ್ಟಿ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಸ್ಕೇಲು ಹಿಡಿದು ಗೆರೆ ಎಳೆದೆ. ಆರಕ್ಕೆ ಯೋಗ, ಹತ್ತಕ್ಕೆ ಓದು, ಮೂರಕ್ಕೆ ಕಸೂತಿ. ಗ್ರಂಥಾಲಯದಿಂದ ತಂದ ಎಂಟು ಪುಸ್ತಕಗಳಿದ್ದವು, ಮಗಳು ತಂದುಕೊಟ್ಟ ಕಸೂತಿಯ ಬಟ್ಟೆ, ದಾರ, ಚೌಕಟ್ಟು ಇದ್ದವು. ನಾಲ್ಕನೆಯ ದಿನಕ್ಕೆ ಎಲ್ಲವೂ ಮಗುಚಿ ಬಿತ್ತು. ಹಗಲು ಮೂರು ಗಂಟೆಗೇ ಮನೆಯೊಳಗೆ ಅಕ್ಷರ ಕಾಣುತ್ತಿರಲಿಲ್ಲ, ಕಸೂತಿಯ ಬಟ್ಟೆಗೆ ಬೂಷ್ಟು ಹಿಡಿಯಿತು. ಇವೆಲ್ಲ ನೆಪಗಳೆಂದು ಒಪ್ಪಿಕೊಳ್ಳಲು ಮಾತ್ರ ಇನ್ನೂ ಎರಡು ದಿನ ಬೇಕಾಯಿತು. ಹತ್ತು ಗಂಟೆಗೆ ನಾನು ಓದದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ಪುಸ್ತಕಕ್ಕೂ ಆಗುತ್ತಿರಲಿಲ್ಲ. ದನಗಳಿದ್ದಾಗ ಹೀಗಿರಲಿಲ್ಲ. ಜ್ವರ ಬಂದಿರಲಿ, ದುಃಖವಿರಲಿ, ಐದೂವರೆಗೆ ಕೊಟ್ಟಿಗೆಯಿಂದ ಅಂಬಾ ಎಂಬ ಕೂಗು ಬರುತ್ತಿತ್ತು. ಎದ್ದು ಹೋಗದೆ ಗತಿಯಿರಲಿಲ್ಲ. ಹಾಲು ಕೊಡುವುದರ ಜೊತೆಗೆ ಆ ಎರಡು ಹಸುಗಳು ನನ್ನ ದಿನವನ್ನೂ ಎತ್ತಿ ನಿಲ್ಲಿಸುತ್ತಿದ್ದವೆಂದು ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ತಿಳಿಯಿತು.

ಹಾಗಾದರೆ ನನಗಾಗಿ ಕಾಯುವ ಕೆಲಸ ಬೇಕು. ಹಸು ತರಲು ಸಂಕವಿಲ್ಲ. ಇದ್ದದ್ದು ಮಳೆ.

ಮಳೆ ಲೆಕ್ಕ ಇಡುವ ಕೃಷಿಕರು ನಮ್ಮ ಮಲೆನಾಡಿನಲ್ಲೂ ಕರಾವಳಿಯಲ್ಲೂ ಅನೇಕರಿದ್ದಾರೆ. ನನ್ನ ಮಾವನವರೂ ಕೆಲವು ವರ್ಷ ಇಟ್ಟಿದ್ದರಂತೆ, ಪುಸ್ತಕ ಗೆದ್ದಲಿನ ಪಾಲಾಗಿತ್ತು. ನನ್ನ ಮಳೆಮಾಪಕ ಇಷ್ಟೇ: ಎಣ್ಣೆ ಸುರಿಯುವ ದೊಡ್ಡ ಆಲಿಕೆ, ಬಾಯಿಯ ಅಗಲ 20 ಸೆಂಟಿಮೀಟರ್, ಅದರ ಕೆಳಗೆ ಒಂದು ಲೀಟರಿನ ಬಾಟಲಿ. ಅಡಿಕೆ ಹರಡುವ ಅಂಗಳದ ನಟ್ಟನಡುವೆ, ಸೂರಿನ ನೀರಾಗಲಿ ಮರದ ಹನಿಯಾಗಲಿ ಬೀಳದ ಕಡೆ, ನೆಲದ ನೀರು ಸಿಡಿದು ಒಳಗೆ ಹೋಗದಂತೆ ಕಲ್ಲು ಪೇರಿಸಿ ಎತ್ತರಿಸಿ ಇಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಬಾಟಲಿ ತುಂಬಿ ಹರಿಯುತ್ತಿತ್ತು. ಯಾವಾಗ ತುಂಬಿತೋ, ಎಷ್ಟು ಹೊರಗೆ ಹೋಯಿತೋ.

ಶಾಲೆಯ ಮಕ್ಕಳಿಗೆ ಹೇಳಿಕೊಡುವ ಲೆಕ್ಕವನ್ನು ಟೀಚರು ಆಮೇಲೆ ಮಾಡಿದಳು. ಆ ಆಲಿಕೆಯ ಬಾಯಿಯ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆಗೆ 31.4 ಮಿಲಿಲೀಟರ್ ನೀರು. ಒಂದು ಲೀಟರಿನ ಬಾಟಲಿ 32 ಮಿಲಿಮೀಟರಿಗೇ ಮುಗಿಯುತ್ತದೆ. ನಮ್ಮೂರಿನ ಆಗಸ್ಟ್ ಮಳೆಗೆ ಅದು ಒಂದು ರಾತ್ರಿಗೂ ಸಾಲದು. ಬಾಟಲಿ ತೆಗೆದು ಹತ್ತು ಲೀಟರಿನ ಕ್ಯಾನ್ ಇಟ್ಟೆ. ಅಳೆಯಲು ಮೊಮ್ಮಗ ಬಿಟ್ಟುಹೋದ ಹಾಲಿನ ಬಾಟಲಿ ಸಿಕ್ಕಿತು, 250 ಮಿಲಿಲೀಟರಿನವರೆಗೆ ಗೆರೆಗಳಿದ್ದದ್ದು. ಒಂದು ಬಾಟಲಿಗೆ ಹೆಚ್ಚುಕಡಿಮೆ ಎಂಟು ಮಿಲಿಮೀಟರ್. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ನಾನೂ 8.30ಕ್ಕೇ. ಐದು ನಿಮಿಷ ತಡವಾದರೆ ಇವತ್ತಿನ ಮಳೆ ನಿನ್ನೆಯದಕ್ಕೆ ಸೇರಿಬಿಡುತ್ತದೆ ಎಂಬ ಆತಂಕ. ಹಾಸ್ಯಾಸ್ಪದವೆಂದು ಗೊತ್ತಿತ್ತು, ಆದರೂ ಆ ಆತಂಕ ನನಗೆ ಹಿತವಾಗಿತ್ತು. ಎಂಟೂವರೆಯ ಹೊತ್ತಿಗೆ ಸ್ನಾನ, ತಿಂಡಿ ಮುಗಿದು ಕಂಬಳಿಕೊಪ್ಪೆ ಹೊದ್ದು ಅಂಗಳದಲ್ಲಿ ನಿಂತಿರುತ್ತಿದ್ದೆ.

ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಹದಿನೈದನೆಯ ಹಾಲಿನ ಬಾಟಲಿ ತುಂಬಿತೆಂದರೆ ಅತಿ ಭಾರಿ. ಭದ್ರಾವತಿ ಆಕಾಶವಾಣಿಯಲ್ಲಿ ಮಳೆಯ ಸುದ್ದಿ ಬಂದಾಗ ಉತ್ತರ ಪತ್ರಿಕೆ ತಿದ್ದುವವಳಂತೆ ನನ್ನ ಪುಸ್ತಕ ತೆರೆದು ಕೂರುತ್ತಿದ್ದೆ. ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ತಾನಾಗಿ ಬೆಳೆಯಿತು. ‘ತೋಟದಲ್ಲಿ ಕೊಳೆ ಬಿದ್ದ ಅಡಿಕೆ ಹೆಚ್ಚಿದೆ.’ ‘ಹಳ್ಳ ಮೂರನೆಯ ಮೆಟ್ಟಿಲಿಗೆ ಇಳಿದಿದೆ.’ ‘ಕಪ್ಪೆಗಳು ಸುಮ್ಮನಿವೆ.’ ಒಂದು ದಿನ ಬರೀ ‘ಅತ್ತೆ’ ಎಂದಿದೆ. ಮಳೆಗಾಲಕ್ಕೆ ಅಂಜುತ್ತಿದ್ದ ನನ್ನ ಅತ್ತೆಯವರ ನೆನಪು ಬಂದಿತ್ತೆಂದು ಕಾಣುತ್ತದೆ.

ಮಿಕ್ಕದ್ದೆಲ್ಲ ಇದೇ ದಾರಿ ಹಿಡಿಯಿತು. ಹಿತ್ತಲ ಬಿದಿರು ಮೆಳೆಯಿಂದ ಕಳಲೆ ಮುರಿದು ತಂದು ಹೆಚ್ಚಿ ನೀರಿಗೆ ಹಾಕಿದರೆ ಮೂರು ದಿನ ದಿನಾ ನೀರು ಬದಲಿಸಬೇಕು. ಮರೆತರೆ ಕಹಿ, ವಾಸನೆ. ಅದು ನನಗಾಗಿ ಕಾಯುವ ಕೆಲಸ, ಹಾಗಾಗಿ ಉಳಿಯಿತು. ಒಬ್ಬಳ ಊಟಕ್ಕೆ ಪತ್ರೊಡೆ ಮಾಡುವುದು ಉಳಿಯಲಿಲ್ಲ, ಅಷ್ಟು ಕೆಸುವಿನೆಲೆ ಸುತ್ತಿ ಯಾರ ಮುಂದೆ ಇಡುವುದು? ಅಟ್ಟದಿಂದ ಚೆನ್ನೆಮಣೆ ಇಳಿಸಿದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಳು. ಐವತ್ತೆರಡೇ ಉಳಿದಿದ್ದವು, ನಾಲ್ಕು ಹುಣಸೆಬೀಜ ಸೇರಿಸಿದೆ. ಎಡಗೈ ಒಂದು ಕಡೆ, ಬಲಗೈ ಇನ್ನೊಂದು ಕಡೆ. ನಾಲ್ಕೈದು ಆಟ ಆದಮೇಲೆ ಎಡಗೈಯ ಪಾಳಿ ಬಂದಾಗ ನಾನು ಬೇಕೆಂದೇ ಅವಸರ ಮಾಡುತ್ತಿದ್ದೇನೆ ಎಂಬುದು ಗಮನಕ್ಕೆ ಬಂತು. ನನಗೇ ನಾಚಿಕೆಯಾಗಿ ಮಣೆ ಮಡಚಿದೆ.

ಕಷ್ಟವಾದದ್ದು ಸಂಜೆ. ನಾಲ್ಕರಿಂದ ಏಳರವರೆಗಿನ ಹೊತ್ತನ್ನು ಯಾವ ಉಪಾಯದಿಂದಲೂ ಪೂರ್ತಿ ಗೆದ್ದೆನೆಂದು ಹೇಳಲಾರೆ. ಬಚ್ಚಲೊಲೆಗೆ ನಾಲ್ಕಕ್ಕೇ ಬೆಂಕಿ ಹಾಕಿ, ಒದ್ದೆ ಸೀರೆಗಳನ್ನು ಮೇಲಿನ ಗಳುವಿಗೆ ಹರಡಿ, ಸೋಗೆ ತುರುಕುತ್ತ ಕೂರುತ್ತಿದ್ದೆ. ಬೆಂಕಿಗೂ ಆಗಾಗ ನಾನು ಬೇಕಾಗುತ್ತಿತ್ತು. ಕೆಲವು ಸಂಜೆ ಅಲ್ಲೇ ಕುಳಿತು ಅತ್ತದ್ದೂ ಇದೆ. ಹೊಗೆಯಿಂದ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ, ಕೇಳುವವರೇ ಇರಲಿಲ್ಲವಲ್ಲ.

ಏಳಕ್ಕೆ ಮಾತ್ರ ಏಳಲೇಬೇಕಿತ್ತು. ಹಳ್ಳದಾಚೆ ಗುಡ್ಡದ ಮೇಲೆ ಆಚೆಮನೆ ಅತ್ತಿಗೆಯ ಮನೆ. ಟವರ್ ಸಾಯುವ ಮೊದಲಿನ ಕೊನೆಯ ಮಾತಿನಲ್ಲಿ ಅವರು, ‘ಟೀಚರೇ, ಏಳು ಗಂಟೆಗೆ ಜಗಲಿಗೆ ಬಂದು ಟಾರ್ಚು ಬೀಸಿ. ಬೀಸದಿದ್ದರೆ ನಮ್ಮ ಮಗನನ್ನು ಸುತ್ತಿನ ದಾರಿಯಲ್ಲಿ ಕಳಿಸುತ್ತೇನೆ’ ಎಂದಿದ್ದರು. ಸುತ್ತಿನ ದಾರಿಯೆಂದರೆ ಆ ಮಳೆಯಲ್ಲಿ ಜಿಗಣೆಯ ಕಾಡಿನಲ್ಲಿ ಮೂರು ಗಂಟೆಯ ನಡಿಗೆ. ಆ ಹುಡುಗನಿಗೆ ಆ ಶಿಕ್ಷೆ ಬೇಡವೆಂದು ದಿನವೂ ಎದ್ದೆ. ಎರಡು ಸಲ ಬೀಸಿದರೆ ಆಚೆಯಿಂದಲೂ ಎರಡು ಸಲ. ಒಮ್ಮೆ ಮಂಜು ಕವಿದು ಏನೂ ಕಾಣದೆ ಅರ್ಧ ಗಂಟೆ ಬೀಸಿದ್ದೇನೆ, ಸೆಲ್ಲು ಮುಗಿಯುವ ಹೆದರಿಕೆಯಲ್ಲೇ.

ಚೌತಿಗೆ ಎರಡು ದಿನ ಮುಂಚೆ ಹೊಸ ಸಂಕ ಬಿತ್ತು. ಆಚೆಯಿಂದ ಮೊದಲು ದಾಟಿ ಬಂದವರು ಅತ್ತಿಗೆ. ಚೆನ್ನೆಮಣೆಯಲ್ಲಿ ನನ್ನನ್ನು ಮೂರು ಆಟ ಸೋಲಿಸಿ, ಪತ್ರೊಡೆ ತಿಂದು ಹೋದರು.

ಮರುವರ್ಷ ಯುಗಾದಿಯ ದಿನವೇ, 2020ರ ಮಾರ್ಚ್ 25ರಂದು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮೊದಲು 21 ದಿನ ಎಂದರು, ಆಮೇಲೆ ಬೆಳೆಯುತ್ತಲೇ ಹೋಯಿತು. ಮಗಳಿಂದ ದಿನವೂ ಫೋನು. ಅವಳೂ ವೇಳಾಪಟ್ಟಿ ಬರೆದಿದ್ದಳು, ಬಣ್ಣದ ಪೆನ್ನಿನಲ್ಲಿ. ಎಷ್ಟನೆಯ ದಿನಕ್ಕೆ ಹರಿಯಿತೆಂದು ನಾನು ಕೇಳಲಿಲ್ಲ. ಏಪ್ರಿಲ್‌ನಲ್ಲಿ ಒಂದು ರಾತ್ರಿ, ‘ಅಮ್ಮಾ, ನೀನು ಆ ನಾಲ್ಕು ವಾರ ಏನು ಮಾಡುತ್ತಿದ್ದೆ, ನಿಜ ಹೇಳು’ ಎಂದಳು. ಬಚ್ಚಲೊಲೆಯ ಸಂಜೆಗಳನ್ನೂ ಸೇರಿಸಿ ಎಲ್ಲ ಹೇಳಿದೆ.

ಎರಡು ದಿನ ಬಿಟ್ಟು ಬೆಂಗಳೂರಿನಲ್ಲಿ ಗುಡುಗು ಮಳೆ ಬಂತು. ಮರುದಿನ ಎಂಟೂವರೆಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ‘ಹನ್ನೊಂದು ಮಿಲಿಮೀಟರ್ ಅಮ್ಮಾ! ಬಾಲ್ಕನಿಯಲ್ಲಿ ನೇರ ಅಂಚಿನ ಪಾತ್ರೆ ಇಟ್ಟಿದ್ದೆ, ಸ್ಕೇಲಿನಲ್ಲಿ ಅಳೆದೆ.’ ಹಿಂದಿನಿಂದ ಮೊಮ್ಮಗ, ‘ನಾನು ಅಳೆದದ್ದು, ನಾನು!’ ಎಂದು ಕೂಗುತ್ತಿದ್ದ.

ಮೇಲಿನ ಮನೆಯ ಬಾಲ್ಕನಿ ಅಡ್ಡ ಇರುವಾಗ ಆ ಲೆಕ್ಕ ಸರಿಬರುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಪುಸ್ತಕದಲ್ಲಿ ಬೆಂಗಳೂರಿಗೆಂದು ಒಂದು ಹೊಸ ಕಾಲಂ ಎಳೆದು, 11 ಎಂದು ಬರೆದುಕೊಂಡೆ.