ಬಿಸಿಲಿಗೆ ನಿಮ್ಮ ಕಾಕಟೀಲ್ (ಜುಟ್ಟಿರೋ ಸಣ್ಣ ಸಾಕು ಗಿಣಿ) ಬಾಯಿ ಬಿಟ್ಕೊಂಡು ಕೂತಿದ್ಯಾ?
ಏಪ್ರಿಲ್ ಬಂತಂದ್ರೆ ದಾವಣಗೆರೇಲಿ ಶೀಟ್ ಮನೆ ಒಳಗೆ ನಮಗೇ ಕೂರಕ್ಕಾಗಲ್ಲ, ಇನ್ನು ಹಕ್ಕಿಗೆ ಬೆವರೇ ಬರಲ್ಲ ನೋಡ್ರಿ, ಅದಕ್ಕೇ ಕೊಕ್ಕು ತೆಗ್ದು ರೆಕ್ಕೆ ಮೈಯಿಂದ ದೂರ ಹಿಡ್ಕೊಂಡು ಏದುಸಿರು ಬಿಡುತ್ತೆ. ಆಗ ಪಂಜರ ನೆರಳಿಗೆ ಇಟ್ಟು ಸ್ಪ್ರೇ ಬಾಟ್ಲಲ್ಲಿ ಸಾದಾ ನೀರು ತುಂತುರು ಹೊಡೀರಿ, ಐಸ್ ನೀರು ಬೇಡ, ಕೂಲರ್ ನೇರ ಮುಖಕ್ಕಿಡೋದೂ ಬೇಡ. (ಹಸಿರು ಗಿಣಿ ಸಾಕೋದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ನಾನ್ ಹೇಳ್ತಿರೋದು ಕಾಕಟೀಲ್, ಲವ್‌ಬರ್ಡ್ಸ್ ವಿಷ್ಯ.)

ನಮ್ಮನೇದು ರಾತ್ರಿ ಗುಡುಗಿದ್ರೆ ಜುಟ್ಟು ನೆಟ್ಟಗೆ ಮಾಡ್ಕೊಂಡು ಪಂಜರ ತುಂಬಾ ಬಡ್ಕೊಳುತ್ತೆ, ಮೂರು ಕಡೆ ಬಟ್ಟೆ ಹೊದಿಸಿ ಸಣ್ಣ ಲೈಟ್ ಹಾಕಿಟ್ರೆ ಸುಮ್ನಾಗುತ್ತೆ. ಡಿಸೆಂಬರ್ ಬೆಳಗ್ಗೆ ಪುಕ್ಕ ಉಬ್ಬಿಸಿ ಒಂಟಿಕಾಲಲ್ಲಿ ನಿಂತ್ರೆ ಬರೀ ಚಳಿ. ಬಿಸಿಲೇರಿದ್ ಮೇಲೂ ಹಂಗೇ ಉಂಡೆ ಆಗಿ ಪಂಜರದ ತಳದಲ್ಲಿ ಕೂತಿದ್ರೆ ಡಾಕ್ಟ್ರತ್ರ ಓಡ್ರಿ.